ಹಿಮದ ನಾಡಿನಲ್ಲಿ ಗಿಲಕಿ ಹಾವನ್ನು ಹುಡುಕುವುದು ಹೇಗೆ?

ಮೇ ತಿಂಗಳ ಉತ್ತರಾರ್ಧದಲ್ಲಿ ಬರುವ ವಿಕ್ಟೋರಿಯಾ ಡೇ ರಜೆಯೊಂದಿಗೆ ಕೆನಡಾದ ಡೇರೆವಾಸದ ಕಾಲ ಶುರುವಾಗುತ್ತದೆ. ಟೊರಾಂಟೊ ಸುತ್ತಮುತ್ತ ನೆಲೆಸಿರುವ ಕನ್ನಡಿಗ ಕುಟುಂಬಗಳಲ್ಲಿಯೂ ಹಲವು, ಬೇಸಿಗೆಗೆಂದು ಊರಿನಿಂದ ಬಂದ ಅಪ್ಪ-ಅಮ್ಮಂದಿರನ್ನು ಕರೆದುಕೊಂಡು, ಚಪಾತಿ-ಚಿತ್ರಾನ್ನ ಕಟ್ಟಿಕೊಂಡು ಜಾರ್ಜಿಯನ್ ಬೇ ಕೊಲ್ಲಿಯ ಕಡೆಗೆ ಹೊರಡುತ್ತವೆ. ಅಲ್ಲಿನ ಕಿಲ್‌ಬೇರ್ ಪ್ರಾಂತೀಯ ಉದ್ಯಾನಕ್ಕೆ ಹೋದವರಿಗೆ ಮೊದಲು ಸಿಗುವ ಎಚ್ಚರಿಕೆಗಳಲ್ಲಿ ಒಂದು, ಇಲ್ಲಿ ರ್‍ಯಾಟಲ್‌ಸ್ನೇಕ್ ಹಾವುಗಳಿವೆ ಎಂಬುದು. ಇದನ್ನು ಕೇಳಿದವರಿಗೆ ಹೆದರಿಕೆಗಿಂತ ಮೊದಲು ಅಚ್ಚರಿಯಾಗುತ್ತದೆ. ಏಕೆಂದರೆ ಈ ಹಾವನ್ನು ನಾವು ಸಿನಿಮಾಗಳಲ್ಲಿ ಕಂಡಿರುವುದು ಅಮೆರಿಕದ ಮರುಭೂಮಿಯ ಕಳ್ಳಿಗಿಡಗಳ ಬುಡದಲ್ಲಿ. ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕಿಳಿಯುವ, ಕೆರೆಯ ಮೇಲೆ ಕಾರು ಓಡಿಸಬಹುದಾದಷ್ಟು ಗಟ್ಟಿಯಾಗಿ ನೀರು ಹೆಪ್ಪುಗಟ್ಟುವ ನಾಡಿನಲ್ಲಿ ಹಾವಿಗೇನು ಕೆಲಸ?

ಈ ಪ್ರಶ್ನೆಗೆ ಉತ್ತರ ತಿಳಿದರೆ, ಆ ಹಾವನ್ನು ಎಲ್ಲಿ, ಯಾವಾಗ ಹುಡುಕಬೇಕು ಎಂಬುದೂ ತಾನಾಗಿ ತಿಳಿಯುತ್ತದೆ. ಚಳಿನಾಡಿನ ಗಿಲಕಿ ಹಾವಿನ ಇಡೀ ಬದುಕು ಎರಡು ಲೆಕ್ಕಗಳ ಮೇಲೆ ನಡೆಯುತ್ತದೆ: ಬೇಸಿಗೆಯಲ್ಲಿ ಶಾಖ ಎಲ್ಲಿ ಸಿಗುತ್ತದೆ, ಚಳಿಗಾಲದಲ್ಲಿ ಹೆಪ್ಪುಗಟ್ಟದ ನೆಲ ಎಲ್ಲಿದೆ. ಹುಡುಕುವವರೂ ಅದೇ ಲೆಕ್ಕವನ್ನು ಕಲಿಯಬೇಕಾಗುತ್ತದೆ.

ಯಾವ ಹಾವು, ಎಲ್ಲೆಲ್ಲಿ?

ರ್‍ಯಾಟಲ್‌ಸ್ನೇಕ್‌ಗೆ ಕನ್ನಡದಲ್ಲಿ ಗಿಲಕಿ ಹಾವು ಎನ್ನಬಹುದು. ಅದು ಅಮೆರಿಕ ಖಂಡಗಳನ್ನು ಬಿಟ್ಟು ಬೇರೆಲ್ಲಿಯೂ ಇಲ್ಲ. ಆದರೆ ಅದರ ನೆಂಟರು ನಮ್ಮಲ್ಲಿಯೂ ಇದ್ದಾರೆ. ಮಳೆಗಾಲದಲ್ಲಿ ಆಗುಂಬೆಯ ಕಾಡಿನಲ್ಲಿ ಪೊದೆಯ ಕೊಂಬೆಗೆ ಸುತ್ತಿಕೊಂಡು ಕೂರುವ ಮಲಬಾರ್ ಗುಳಿಮಂಡಲ ಅದೇ ಉಪಕುಟುಂಬಕ್ಕೆ ಸೇರಿದ್ದು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಇರುವ ಒಂದು ಸಣ್ಣ ಗುಳಿ ಈ ಗುಂಪಿನ ಗುರುತು. ಎದುರಿಗಿರುವ ಪ್ರಾಣಿಯ ಮೈಶಾಖವನ್ನು ಆ ಗುಳಿ ಗ್ರಹಿಸುತ್ತದೆ. ಒಲೆಯ ಮುಂದೆ ಕಣ್ಣು ಮುಚ್ಚಿ ಕೂತರೂ ಕೆಂಡ ಯಾವ ದಿಕ್ಕಿಗಿದೆ ಎಂದು ಕೆನ್ನೆಗೆ ಗೊತ್ತಾಗುವಂತೆ.

ಕೆನಡಾದಲ್ಲಿ ಇಂದು ಮೂರು ಜಾತಿಯ ಗಿಲಕಿ ಹಾವುಗಳು ಉಳಿದಿವೆ. ಟೊರಾಂಟೊ ಇರುವ ಒಂಟಾರಿಯೊ ಪ್ರಾಂತ್ಯದಲ್ಲಿ ಇರುವುದು ಮಸಸಾಗಾ. ಇದು ಸಣ್ಣ ಹಾವು. ಸಾಮಾನ್ಯವಾಗಿ 50ರಿಂದ 75 ಸೆಂಟಿಮೀಟರ್ ಉದ್ದ, ಬೂದು ಮೈ, ಬೆನ್ನ ಮೇಲೆ ಕಡುಕಂದು ಮಚ್ಚೆಗಳು. ಜಾರ್ಜಿಯನ್ ಬೇಯ ಪೂರ್ವ ದಂಡೆ ಮತ್ತು ಬ್ರೂಸ್ ಪರ್ಯಾಯ ದ್ವೀಪ ಇದರ ಮುಖ್ಯ ನೆಲೆಗಳು. ಅವಲ್ಲದೆ ವಿಂಡ್ಸರ್ ಬಳಿಯ ಹುಲ್ಲುಗಾವಲಿನಲ್ಲಿಯೂ ನಯಾಗರಾ ಸೀಮೆಯ ವೇನ್‌ಫ್ಲೀಟ್ ಜೌಗಿನಲ್ಲಿಯೂ ಎರಡು ಸಣ್ಣ ಗುಂಪುಗಳು ಕಷ್ಟದಲ್ಲಿ ಉಳಿದುಕೊಂಡಿವೆ. ಪಶ್ಚಿಮಕ್ಕೆ ಹೋದರೆ ಅಲ್ಬರ್ಟಾದ ಆಗ್ನೇಯ ಮೂಲೆಯಲ್ಲಿ ಮತ್ತು ಸಸ್ಕ್ಯಾಚೆವಾನ್‌ನ ನೈಋತ್ಯದಲ್ಲಿ ಪ್ರೇರಿ ಗಿಲಕಿ ಹಾವು ಇದೆ. ಇನ್ನೂ ಆಚೆಗೆ, ಬ್ರಿಟಿಷ್ ಕೊಲಂಬಿಯಾದ ಓಕನಾಗನ್ ಕಣಿವೆಯಿಂದ ಕ್ಯಾಮ್‌ಲೂಪ್ಸ್‌ವರೆಗಿನ ಒಣ ಕಣಿವೆಗಳಲ್ಲಿ ಪಶ್ಚಿಮದ ಗಿಲಕಿ ಹಾವು ಇದೆ. ಈ ಕೊನೆಯ ಎರಡು ಜಾತಿಗಳು ಸುಮಾರು 51 ಡಿಗ್ರಿ ಉತ್ತರ ಅಕ್ಷಾಂಶದವರೆಗೆ ಸಿಗುತ್ತವೆ. ಬೆಂಗಳೂರು 13 ಡಿಗ್ರಿಯಲ್ಲಿದೆ ಎಂಬುದನ್ನು ನೆನೆದರೆ ಅದೆಷ್ಟು ಉತ್ತರ ಎಂಬ ಅಂದಾಜು ಸಿಗುತ್ತದೆ.

ನಾಲ್ಕನೆಯದೊಂದು ಇತ್ತು. ಟಿಂಬರ್ ಗಿಲಕಿ ಹಾವು ಎಂಬ ಆ ದೊಡ್ಡ ಜಾತಿ ಒಂಟಾರಿಯೊದಲ್ಲಿ ಕೊನೆಯ ಬಾರಿ ಖಚಿತವಾಗಿ ಕಂಡದ್ದು 1941ರಲ್ಲಿ, ನಯಾಗರಾ ಕಮರಿಯಲ್ಲಿ.

ಬಾಲದ ಗಿಲಕಿ

ಮಗುವಿನ ಗಿಲಕಿಯೊಳಗೆ ಕಾಳುಗಳಿರುತ್ತವೆ, ಹಾವಿನ ಗಿಲಕಿಯೊಳಗೆ ಏನೂ ಇರುವುದಿಲ್ಲ. ನಮ್ಮ ಉಗುರು ಯಾವ ವಸ್ತುವಿನಿಂದ ಆಗಿದೆಯೋ ಅದೇ ಕೆರಾಟಿನ್‌ನಿಂದಾದ ಟೊಳ್ಳು ಗೆಣ್ಣುಗಳು, ಒಂದರೊಳಗೊಂದು ಇಟ್ಟ ಲೋಟಗಳಂತೆ, ಕಳಚಿ ಬೀಳದಷ್ಟು ಬಿಗಿಯಾಗಿ ಆದರೆ ಅಲುಗಾಡುವಷ್ಟು ಸಡಿಲವಾಗಿ ಸೇರಿಕೊಂಡಿರುತ್ತವೆ. ಬಾಲದ ಸ್ನಾಯು ಸೆಕೆಂಡಿಗೆ ಹತ್ತಾರು ಬಾರಿ ಅವನ್ನು ಕುಣಿಸಿದಾಗ ಒಂದಕ್ಕೊಂದು ತಾಗಿ ಸದ್ದು ಹೊರಡುತ್ತದೆ. ಮೈ ತಣ್ಣಗಿದ್ದರೆ ಸ್ನಾಯು ನಿಧಾನವಾಗಿ ಸದ್ದು ಮಂಕಾಗುತ್ತದೆ.

ಗೆಣ್ಣುಗಳನ್ನು ಎಣಿಸಿ ಹಾವಿನ ವಯಸ್ಸು ಹೇಳಬಹುದೆಂಬ ನಂಬಿಕೆ ತಪ್ಪು. ವರ್ಷಕ್ಕೊಂದು ಗೆಣ್ಣು ಎಂಬ ನಿಯಮವಿಲ್ಲ. ಪೊರೆ ಬಿಟ್ಟಾಗಲೆಲ್ಲ ಒಂದು ಸೇರುತ್ತದೆ, ಕಲ್ಲುಗಳ ನಡುವೆ ಓಡಾಡುವಾಗ ತುದಿಯ ಗೆಣ್ಣುಗಳು ಮುರಿದೂ ಬೀಳುತ್ತವೆ. ಮಸಸಾಗಾದ ಗಿಲಕಿ ಬಹಳ ಚಿಕ್ಕದಾದ್ದರಿಂದ ಅದರ ಸದ್ದು ಸಿನಿಮಾದ ಗಿಲಗಿಲ ಸದ್ದಿನಂತೆ ಇರದೆ, ಪೊದೆಯೊಳಗೆ ಸಿಕ್ಕಿಕೊಂಡ ಕೀಟವೊಂದು ಜಿರ್ರೆಂದಂತೆ ಕೇಳಿಸುತ್ತದೆ.

ಈ ಸದ್ದು ದಾಳಿಯ ಸೂಚನೆಯಲ್ಲ, ದೂರ ಹೋಗು ಎಂಬ ಮಾತು. ನಮ್ಮ ಕೊಳಕುಮಂಡಲ ಕುಕ್ಕರಿನ ಹಬೆಯಂತೆ ಬುಸುಗುಟ್ಟುವುದೂ, ಗರಗಸ ಮಂಡಲ ಮೈಯ ಹುರುಪೆಗಳನ್ನು ಉಜ್ಜಿಕೊಂಡು ಕರಕರ ಸದ್ದು ಮಾಡುವುದೂ ಇದೇ ಕಾರಣಕ್ಕೆ. ಆದರೆ ಹುಡುಕುವವರು ನೆನಪಿಡಬೇಕಾದ ಮಾತೆಂದರೆ, ಗಿಲಕಿ ಹಾವು ಬಹುತೇಕ ವೇಳೆ ಸದ್ದನ್ನೇ ಮಾಡುವುದಿಲ್ಲ. ಮಸಸಾಗಾವಂತೂ ತನ್ನ ಬಣ್ಣವನ್ನೇ ನಂಬಿ ಕದಲದೆ ಕೂರುತ್ತದೆ. ಮನುಷ್ಯರು ಅದರ ಪಕ್ಕದಲ್ಲೇ ಹಾದುಹೋಗಿರುತ್ತಾರೆ, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಅದು ಗೊತ್ತಿರುತ್ತದೆ.

ಹೆಪ್ಪುಗಟ್ಟುವ ಗೆರೆಯ ಕೆಳಗೆ

ಹಾವು ಶೀತರಕ್ತದ ಪ್ರಾಣಿ ಎಂದು ಶಾಲೆಯಲ್ಲಿ ಓದಿದ್ದೇವೆ. ಅದರ ರಕ್ತ ಸದಾ ತಣ್ಣಗಿರುತ್ತದೆ ಎಂದು ಇದರ ಅರ್ಥವಲ್ಲ. ನಾವು ತಿಂದ ಅನ್ನವನ್ನು ಸುಟ್ಟು ಮೈಯನ್ನು 37 ಡಿಗ್ರಿಯಲ್ಲಿ ಇಟ್ಟುಕೊಳ್ಳುತ್ತೇವೆ. ಹಾವು ಆ ಖರ್ಚನ್ನು ಮಾಡದೆ ಬಿಸಿಲಿನಿಂದಲೋ ಕಾದ ಕಲ್ಲಿನಿಂದಲೋ ಶಾಖವನ್ನು ಎರವಲು ಪಡೆಯುತ್ತದೆ. ಆದ್ದರಿಂದಲೇ ತಿಂಗಳುಗಟ್ಟಲೆ ಉಪವಾಸವಿರುವುದು ಅದಕ್ಕೆ ಸಾಧ್ಯ. ಆದರೆ ಎರವಲು ಕೊಡುವವರೇ ಇಲ್ಲದ ಕಾಲ ಬಂದಾಗ, ಅಂದರೆ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ, ಅದು ಏನು ಮಾಡಬೇಕು?

ಅದು ನೆಲದೊಳಕ್ಕೆ ಇಳಿಯುತ್ತದೆ. ಚಳಿಗಾಲದ ಬೆಳಗ್ಗೆ ಬಾವಿಯಿಂದ ಸೇದಿದ ನೀರು ಹಬೆಯಾಡುತ್ತ ಬೆಚ್ಚಗಿರುವುದನ್ನು ಹಳ್ಳಿಯಲ್ಲಿ ಬೆಳೆದವರೆಲ್ಲ ಕಂಡಿರುತ್ತಾರೆ. ಮೇಲಿನ ಗಾಳಿ ಎಷ್ಟೇ ತಣ್ಣಗಾಗಲಿ, ಆಳದ ಮಣ್ಣು ತನ್ನ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಕೆನಡಾದಲ್ಲಿಯೂ ಹೀಗೆಯೇ. ಮೇಲ್ಪದರದ ಮಣ್ಣು ಕಲ್ಲಿನಂತೆ ಹೆಪ್ಪುಗಟ್ಟುತ್ತದೆ, ಆದರೆ ಒಂದು ಆಳದ ಕೆಳಗೆ ಚಳಿಗಾಲವಿಡೀ ಸೊನ್ನೆಗಿಂತ ಮೇಲೆಯೇ ಇರುತ್ತದೆ. ಈ ಗಡಿಯನ್ನು ಹೆಪ್ಪುಗಟ್ಟುವ ಗೆರೆ ಎನ್ನೋಣ. ಉತ್ತರ ಕರ್ನಾಟಕದ ಹಗೇವಿನಲ್ಲಿ ಜೋಳವನ್ನು ಹುಗಿದಿಟ್ಟು ಕಾಪಾಡುತ್ತಿದ್ದಂತೆ, ಹಾವು ತನ್ನನ್ನೇ ಆ ಗೆರೆಯ ಕೆಳಗೆ ಹುಗಿದಿಟ್ಟುಕೊಳ್ಳುತ್ತದೆ. ಉಸಿರು, ಎದೆಬಡಿತ ಎರಡೂ ತೀರ ನಿಧಾನವಾಗಿ, ಬೇಸಿಗೆಯಲ್ಲಿ ಕೂಡಿಟ್ಟ ಕೊಬ್ಬಿನ ಅಲ್ಪಭಾಗದಲ್ಲಿಯೇ ಆರು ತಿಂಗಳು ಕಳೆಯುತ್ತವೆ. ಇದೇ ಶಿಶಿರ ನಿದ್ರೆ.

ಸಮಸ್ಯೆ ಇರುವುದು ಇಳಿಯುವ ದಾರಿಯಲ್ಲಿ. ಹಾವಿಗೆ ಕಾಲಿಲ್ಲ, ಉಗುರಿಲ್ಲ. ಅದು ಬಿಲ ತೋಡಲಾರದು. ಆದ್ದರಿಂದ ಮೊದಲೇ ಇರುವ ಬಿರುಕೋ ಬಿಲವೋ ಅದಕ್ಕೆ ಬೇಕು, ಮತ್ತು ಅದು ಹೆಪ್ಪುಗಟ್ಟುವ ಗೆರೆಗಿಂತ ಕೆಳಗಿನವರೆಗೂ ಹೋಗಿರಬೇಕು. ಅಂಥ ಜಾಗಗಳು ಎಲ್ಲೆಂದರಲ್ಲಿ ಇರುವುದಿಲ್ಲ. ಚಳಿನಾಡಿನ ಹಾವಿನ ಬದುಕಿನಲ್ಲಿ ಇಲಿಗಿಂತ ಬಿಲ ದುರ್ಲಭ.

ಈ ಕೊರತೆಯನ್ನು ಬೇರೆ ಬೇರೆ ಜಾತಿಗಳು ಬೇರೆ ಬೇರೆ ರೀತಿಯಲ್ಲಿ ನಿಭಾಯಿಸಿಕೊಂಡಿವೆ. ಅಲ್ಬರ್ಟಾದ ಬಯಲಿನಲ್ಲಿ ಸೌತ್ ಸಸ್ಕ್ಯಾಚೆವಾನ್, ರೆಡ್ ಡಿಯರ್, ಮಿಲ್ಕ್ ಮುಂತಾದ ನದಿಗಳು ಕೊರೆದ ಕಣಿವೆಗಳ ಇಳಿಜಾರು ಕುಸಿದು ಬಿರುಕು ಬಿಟ್ಟ ಕಡೆ ಮಾತ್ರ ಆಳಕ್ಕಿಳಿಯುವ ದಾರಿಗಳಿವೆ. ಅಲ್ಲಿನ ಪ್ರೇರಿ ಹಾವುಗಳು ಒಂದೇ ಬಿಲದಲ್ಲಿ ಹತ್ತಾರು, ಕೆಲವೊಮ್ಮೆ ನೂರಕ್ಕೂ ಹೆಚ್ಚು ಸೇರಿ ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಹೊರಬಿದ್ದು ಬೇಟೆಗೆ ಬಯಲಿಗೆ ಹೋಗುತ್ತವೆ; ಕೆಲವು ಹಾವುಗಳು 20 ಕಿಲೋಮೀಟರಿಗೂ ಹೆಚ್ಚು ದೂರ ಹೋಗಿ, ಶರತ್ಕಾಲದಲ್ಲಿ ಮತ್ತೆ ಹುಟ್ಟಿದೂರಿನ ಅದೇ ಬಿಲಕ್ಕೆ ಮರಳುತ್ತವೆ.

ಒಂಟಾರಿಯೊದ ಮಸಸಾಗಾದ ದಾರಿ ಬೇರೆ. ಅದು ಹೆಚ್ಚಾಗಿ ಒಂಟಿಯಾಗಿ, ಜೌಗುನೆಲದಲ್ಲಿ ಮಲಗುತ್ತದೆ. ಸೀಗಡಿಯ ನೆಂಟನಾದ ಕ್ರೇಫಿಶ್ ತೋಡಿದ ಕೊಳವೆ, ಹಾವಸೆ ಮುಚ್ಚಿದ ದಿಬ್ಬದಡಿಯ ಬೇರುಗಳ ಸಂದು, ನೀರು ಜಿನುಗುವ ಬಂಡೆಯ ಸೀಳು, ಇವು ಅದರ ಮನೆಗಳು. ಇಲ್ಲಿ ಹಾವು ಎರಡು ಅಪಾಯಗಳ ನಡುವೆ ಇರುತ್ತದೆ. ಮೇಲಿನಿಂದ ಹೆಪ್ಪುಗಟ್ಟುವ ಗೆರೆ ಕೆಳಗಿಳಿಯುತ್ತದೆ, ಕೆಳಗಿನಿಂದ ಅಂತರ್ಜಲ ಮೇಲೇರುತ್ತದೆ. ಇವೆರಡರ ನಡುವೆ ಉಳಿಯುವ ತೆಳುವಾದ ಪದರದಲ್ಲಿ ಮಾತ್ರ ಅದು ಬದುಕಬಲ್ಲದು. ನೀರು ತೀರ ಮೇಲೇರಿದರೆ ಉಸಿರು ಕಟ್ಟುತ್ತದೆ. ತೀರ ಇಳಿದರೆ ಮೈ ಒಣಗುತ್ತದೆ, ಜತೆಗೆ ಒಣ ಮಣ್ಣಿನೊಳಕ್ಕೆ ಚಳಿಯೂ ಆಳವಾಗಿ ನುಗ್ಗುತ್ತದೆ. ಹಿಂದೆ ಇಂಧನಕ್ಕೂ ತೋಟಗಾರಿಕೆಗೂ ಬಳಸುವ ಪೀಟ್ ಎಂಬ ಜೌಗುಮಣ್ಣನ್ನು ತೆಗೆಯಲೆಂದು ವೇನ್‌ಫ್ಲೀಟ್ ಜೌಗಿನ ನೀರನ್ನು ಕಾಲುವೆ ತೋಡಿ ಹರಿಸಿದ್ದು ಅಲ್ಲಿನ ಹಾವುಗಳಿಗೆ ಮಾರಕವಾದದ್ದು ಹೀಗೆ.

ಇಲ್ಲಿ ಹಿಮ ಹಾವಿನ ಪರವಾಗಿಯೇ ಕೆಲಸ ಮಾಡುತ್ತದೆ ಎಂಬುದು ನಮಗೆ ವಿಚಿತ್ರವಾಗಿ ಕಾಣಬಹುದು. ಸಡಿಲವಾಗಿ ಬಿದ್ದ ಹಿಮದೊಳಗೆ ಗಾಳಿ ತುಂಬಿರುವುದರಿಂದ ಅದು ನೆಲಕ್ಕೆ ಹೊದೆಸಿದ ಕಂಬಳಿಯಂತೆ ಶಾಖವನ್ನು ಹಿಡಿದಿಡುತ್ತದೆ. ಹಿಮ ಕಡಿಮೆ ಬಿದ್ದು ಚಳಿ ಮಾತ್ರ ಜೋರಾದ ವರ್ಷವೇ ಬಿಲದೊಳಗಿನ ಹಾವಿಗೆ ಹೆಚ್ಚು ಅಪಾಯದ್ದು.

ಬಸುರಿ ಹಾವು ಮತ್ತು ಕಾದ ಬಂಡೆ

ಗಿಲಕಿ ಹಾವು ಮೊಟ್ಟೆ ಇಡುವುದಿಲ್ಲ, ನಮ್ಮ ಕೊಳಕುಮಂಡಲದಂತೆ ಮರಿ ಹಾಕುತ್ತದೆ. ಚಳಿನಾಡಿನಲ್ಲಿ ಇದು ದೊಡ್ಡ ಅನುಕೂಲ. ಮಣ್ಣಿನಲ್ಲಿಟ್ಟ ಮೊಟ್ಟೆಗೆ ಆ ಮಣ್ಣಿನಷ್ಟೇ ಶಾಖ. ಹೊಟ್ಟೆಯೊಳಗಿನ ಮರಿಯನ್ನಾದರೆ ತಾಯಿ ಬಿಸಿಲಿದ್ದಲ್ಲಿಗೆ ಹೊತ್ತೊಯ್ಯಬಹುದು, ಸಂಜೆಯಾದರೆ ಬೆಚ್ಚನೆಯ ಸಂದಿಗೆ ಸರಿಸಬಹುದು.

ಜಾರ್ಜಿಯನ್ ಬೇ ದಂಡೆಯಲ್ಲಿ ಈ ಕೆಲಸ ನಡೆಯುವುದು ಮರಗಳಿಲ್ಲದ ಬೋಳುಬಂಡೆಗಳ ಮೇಲೆ. ಆ ಬಂಡೆಯ ಮೇಲೆ ಅಲ್ಲಲ್ಲಿ, ಯಾರೋ ತಂದಿಟ್ಟಂತೆ, ಚಪ್ಪಡಿ ಕಲ್ಲುಗಳು ಬಿದ್ದಿರುತ್ತವೆ. ಕಲ್ಲಿಗೂ ಬಂಡೆಗೂ ನಡುವೆ ಎರಡು ಬೆರಳಿನಷ್ಟು ಸಂದು. ಜುಲೈ ತಿಂಗಳ ಬೆಳಗ್ಗೆ ಆ ಸಂದಿನ ಅಂಚಿನಲ್ಲಿ, ಉದುರಿದ ಪೈನ್ ಎಲೆ ಮತ್ತು ಒಣಗಿದ ಕಲ್ಲುಹೂವಿನ ನಡುವೆ, ಹಗ್ಗದ ಸುರುಳಿಯಂಥದೊಂದು ಇರುತ್ತದೆ. ಮೊದಲ ನೋಟಕ್ಕೆ ಅದೂ ಕಲ್ಲುಹೂವೇ. ಎರಡನೆಯ ನೋಟಕ್ಕೆ ಬೂದುಬಣ್ಣದ ನಡುವೆ ಕಂದುಮಚ್ಚೆಗಳು ಸಾಲಾಗಿ ಹೋಗಿರುವುದು ಕಾಣುತ್ತದೆ. ಆಮೇಲೆ ಕಣ್ಣು: ನಾಗರಹಾವಿನ ದುಂಡನೆಯ ಪಾಪೆಯಲ್ಲ, ಬೆಕ್ಕಿನಂತೆ ನೆಟ್ಟಗೆ ಸೀಳಿದ ಗೆರೆ. ಬಸುರಿ ಹಾವು ಬೇಟೆಯನ್ನೂ ಹೆಚ್ಚುಕಡಿಮೆ ಬಿಟ್ಟು, ಮೈಯನ್ನು 30 ಡಿಗ್ರಿಯ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತ, ವಾರಗಟ್ಟಲೆ ಅದೇ ಕಲ್ಲಿನ ಬಳಿ ಕಳೆಯುತ್ತದೆ. ಮಧ್ಯಾಹ್ನ ಬಂಡೆ ಕಾವಲಿಯಂತೆ ಕಾದಾಗ ಕಲ್ಲಿನಡಿಗೆ ಸರಿಯುತ್ತದೆ. ಜುಲೈ ಕೊನೆಯಿಂದ ಸೆಪ್ಟೆಂಬರ್ ಮೊದಲ ಭಾಗದೊಳಗೆ ಮರಿಗಳು ಹುಟ್ಟುತ್ತವೆ.

ಇಷ್ಟೆಲ್ಲ ಖರ್ಚಾದ ಮೇಲೆ ಉಳಿದ ಐದಾರು ವಾರಗಳಲ್ಲಿ ತಾಯಿ ಮತ್ತೆ ಕೊಬ್ಬು ಕೂಡಿಟ್ಟುಕೊಂಡು ಬಿಲಕ್ಕೆ ಇಳಿಯಬೇಕು. ಹೀಗಾಗಿ ಅದು ಪ್ರತಿವರ್ಷ ಮರಿ ಹಾಕಲಾರದು. ಎರಡು ವರ್ಷಕ್ಕೋ ಮೂರು ವರ್ಷಕ್ಕೋ ಒಮ್ಮೆ. ಬ್ರಿಟಿಷ್ ಕೊಲಂಬಿಯಾದ ಹೆಣ್ಣುಹಾವು ಮೊದಲ ಬಾರಿ ಮರಿ ಹಾಕುವ ಹೊತ್ತಿಗೆ ಏಳೆಂಟು ವರ್ಷ ಕಳೆದಿರುತ್ತದೆ. ರಸ್ತೆಯಲ್ಲಿ ಕಾರಿಗೆ ಸಿಕ್ಕ ಒಂದು ಹೆಣ್ಣುಹಾವಿನ ಜಾಗ ತುಂಬಲು ಎಷ್ಟು ಕಾಲ ಬೇಕು ಎಂಬುದನ್ನು ಇದರಿಂದ ಊಹಿಸಬಹುದು. ಕಿಲ್‌ಬೇರ್ ಉದ್ಯಾನದಲ್ಲಿ ರಸ್ತೆಯಡಿ ಸುರಂಗಗಳನ್ನು ಮಾಡಿ, ಪಕ್ಕದಲ್ಲಿ ತಡೆಬೇಲಿ ಹಾಕಿ ಹಾವುಗಳನ್ನು ಅತ್ತ ತಿರುಗಿಸುತ್ತಿರುವುದು ಈ ಕಾರಣಕ್ಕೆ.

ಹುಡುಕುವವರು ನೋಡುವುದೇನು?

ಇಷ್ಟು ತಿಳಿದ ಮೇಲೆ ಹುಡುಕಾಟದ ವಿಧಾನ ಅರ್ಥವಾಗುತ್ತದೆ. ಮೊದಲನೆಯದು ದಿಕ್ಕು. ಉತ್ತರದ ನಾಡಿನಲ್ಲಿ ಸೂರ್ಯ ನಡುಹಗಲಿನಲ್ಲಿಯೂ ನೆತ್ತಿಗೆ ಬರದೆ ದಕ್ಷಿಣದ ಆಕಾಶದಲ್ಲೇ ವಾಲಿಕೊಂಡು ಸಾಗುತ್ತಾನೆ. ಹಪ್ಪಳ ಹರವಿದ ಮೊರವನ್ನು ಬಿಸಿಲಿಗೆ ಎದುರಾಗಿ ವಾಲಿಸಿಟ್ಟರೆ ಬೇಗ ಒಣಗುವಂತೆ, ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿಗೆ ಬಿಸಿಲು ನೇರವಾಗಿ ಬೀಳುತ್ತದೆ. ಅದೇ ಗುಡ್ಡದ ಉತ್ತರದ ಮಗ್ಗುಲಲ್ಲಿ ಹಿಮ ಇನ್ನೂ ಕರಗಿರದಿದ್ದಾಗ ದಕ್ಷಿಣದ ಮಗ್ಗುಲು ಒಣಗಿ ಬೆಚ್ಚಗಾಗಿರುತ್ತದೆ. ಅಲ್ಬರ್ಟಾ ಮತ್ತು ಬ್ರಿಟಿಷ್ ಕೊಲಂಬಿಯಾದ ಚಳಿಗಾಲದ ಬಿಲಗಳು ಹೆಚ್ಚಾಗಿ ಇರುವುದು ಇಂಥ ಇಳಿಜಾರುಗಳಲ್ಲೇ.

ಎರಡನೆಯದು ಕಾಲ. ಏಪ್ರಿಲ್ ಕೊನೆ ಮತ್ತು ಮೇ ತಿಂಗಳಲ್ಲಿ ಹೊರಬಂದ ಹಾವುಗಳು ಕೆಲವು ದಿನ ಬಿಲದ ಬಾಯಿಯ ಬಳಿಯೇ ಬಿಸಿಲು ಕಾಯಿಸುತ್ತವೆ. ಸೆಪ್ಟೆಂಬರಿನಲ್ಲಿ ಮರಳುವಾಗಲೂ ಹಾಗೆಯೇ. ವರ್ಷದ ಉಳಿದ ದಿನಗಳಲ್ಲಿ ಅವು ಚದುರಿಹೋಗಿರುತ್ತವೆ.

ಮೂರನೆಯದು ಹೊತ್ತು. ತಣ್ಣನೆಯ ರಾತ್ರಿ ಕಳೆದು ಬಿಸಿಲೇರುತ್ತಿರುವ ಬೆಳಗ್ಗೆ, ಅಥವಾ ಮಳೆ ನಿಂತು ಎಳೆಬಿಸಿಲು ಮೂಡಿದ ಹೊತ್ತು ಒಳ್ಳೆಯದು. ತೀರ ಚಳಿಯಿದ್ದರೆ ಹಾವು ಒಳಗಿರುತ್ತದೆ, ತೀರ ಬಿಸಿಯಾದರೂ ಒಳಗೇ ಇರುತ್ತದೆ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಹಾವು ಹುಡುಕಲು ಹೊರಡುವುದು ಹೊಸಬರು ಮಾಡುವ ಸಾಮಾನ್ಯ ತಪ್ಪು.

ಅನುಭವಿಗಳು ನಿಧಾನವಾಗಿ ನಡೆದು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಮುಂದಿನ ಹತ್ತಡಿಯನ್ನು ದುರ್ಬೀನಿನಿಂದ ನೋಡಿದ ಮೇಲೆ ಅತ್ತ ಕಾಲಿಡುತ್ತಾರೆ. ಕಲ್ಲು ಎತ್ತುವುದಿಲ್ಲ, ಸಂದಿಗೆ ಕೈ ಹಾಕುವುದಿಲ್ಲ, ಕೋಲು ಹಾಕಿ ಕೆದಕುವುದಿಲ್ಲ. ಎತ್ತಿದ ಚಪ್ಪಡಿಯನ್ನು ಮತ್ತೆ ಅಲ್ಲೇ ಇಟ್ಟರೂ ಅದರಡಿಯ ಸಂದಿನ ಅಳತೆ ಬದಲಾಗಿ, ಬಸುರಿ ಹಾವಿಗೆ ಬೇಕಾದ ಶಾಖದ ಲೆಕ್ಕವೇ ತಪ್ಪಬಹುದು. ಕಣಕಾಲು ಮುಚ್ಚುವ ಬೂಟು, ಉದ್ದನೆಯ ಪ್ಯಾಂಟು, ಹಾವಿನಿಂದ ಕನಿಷ್ಠ ಎರಡು-ಮೂರು ಮೀಟರ್ ದೂರ, ಇಷ್ಟು ಸಾಕು. ಗಿಲಕಿ ಹಾವು ಸಾಮಾನ್ಯವಾಗಿ ತನ್ನ ಉದ್ದದ ಅರ್ಧಕ್ಕಿಂತ ದೂರ ಎಗರಿ ಕಚ್ಚಲಾರದು.

ಸಂಶೋಧಕರಿಗೆ ಕಣ್ಣೊಂದೇ ಸಾಲದು. ಅವರು ಅನುಮತಿ ಪಡೆದು, ಹಾವಿನ ಮೈಯೊಳಗೆ ಶಸ್ತ್ರಕ್ರಿಯೆಯಿಂದ ಪುಟ್ಟ ರೇಡಿಯೊ ಸಾಧನವನ್ನಿಟ್ಟು, ಆಂಟೆನಾ ಹಿಡಿದು ಅದರ ಸಂಜ್ಞೆಯನ್ನು ಹಿಂಬಾಲಿಸುತ್ತಾರೆ. ಸಂಜ್ಞೆ ಕಾಲಬುಡದಿಂದಲೇ ಬರುತ್ತಿದ್ದರೂ ಹಾವು ಕಣ್ಣಿಗೆ ಬೀಳದಿರುವುದು ಈ ಕೆಲಸದಲ್ಲಿ ದಿನನಿತ್ಯದ ಮಾತು. ತಾವಾಗಿ ಹುಡುಕಲು ಇಷ್ಟವಿಲ್ಲದವರು ಬ್ರಿಟಿಷ್ ಕೊಲಂಬಿಯಾದ ಒಸೋಯೂಸ್‌ನಲ್ಲಿ ಮೂಲನಿವಾಸಿ ಸಮುದಾಯ ನಡೆಸುವ ಇಂಕಮೀಪ್ ಮರುಭೂಮಿ ಸಂಸ್ಕೃತಿ ಕೇಂದ್ರದಲ್ಲಿ ಈ ಹಾವುಗಳ ಅಧ್ಯಯನದ ಬಗ್ಗೆ ತಿಳಿಯಬಹುದು. ಅಲ್ಬರ್ಟಾದ ರೈಟಿಂಗ್-ಆನ್-ಸ್ಟೋನ್ ಉದ್ಯಾನ 2019ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಬ್ಲ್ಯಾಕ್‌ಫುಟ್ ಎಂಬ ಮೂಲನಿವಾಸಿ ಜನರ ಬಂಡೆಚಿತ್ರಗಳಿಗಾಗಿ, ಆದರೆ ಅಲ್ಲಿನ ಕಾಲುದಾರಿಗಳಲ್ಲಿ ಪ್ರೇರಿ ಹಾವು ಎದುರಾಗುವುದೂ ಉಂಟು.

ಬಿಲದ ವಿಳಾಸವನ್ನು ಏಕೆ ಹೇಳುವುದಿಲ್ಲ?

ಹಾವು ಹುಡುಕುವವರನ್ನು ಬಿಲ ಎಲ್ಲಿದೆ ಎಂದು ಕೇಳಿದರೆ ಮಾತು ಬದಲಿಸುತ್ತಾರೆ. ಇದು ಬಿಂಕವಲ್ಲ. ಒಂದು ಸೀಮೆಯ ಹಾವುಗಳೆಲ್ಲ ವರ್ಷಕ್ಕೆರಡು ಬಾರಿ ಒಂದೇ ಬಿರುಕಿನ ಬಾಯಿಗೆ ಬರುತ್ತವೆಂದರೆ, ಆ ಜಾಗ ತಿಳಿದ ಒಬ್ಬ ಮನುಷ್ಯ ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸಬಹುದು. ಹಿಂದೆ ಆದದ್ದೂ ಹಾಗೆಯೇ. ಅಮೆರಿಕದ ಹಲವು ಉತ್ತರ ರಾಜ್ಯಗಳಲ್ಲಿ ಕೊಂದ ಹಾವಿಗೆ ಸರ್ಕಾರವೇ ಇನಾಮು ಕೊಡುತ್ತಿತ್ತು; ಮಿನ್ನೆಸೋಟಾದಲ್ಲಿ ಆ ಪದ್ಧತಿ ನಿಂತದ್ದು 1989ರಲ್ಲಿ.

ಇಂದು ಅಪಾಯ ಮೊಬೈಲಿನ ಮೂಲಕವೂ ಬರುತ್ತದೆ. ಫೋಟೊದೊಂದಿಗೆ ಅದನ್ನು ತೆಗೆದ ಜಾಗದ ನಿಖರ ಅಕ್ಷಾಂಶ-ರೇಖಾಂಶವೂ ಕಡತದೊಳಗೆ ಸೇರಿಕೊಂಡಿರಬಹುದು. ಜನ ತಾವು ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಂಥ ತಾಣಗಳು ಅಪಾಯದಲ್ಲಿರುವ ಜೀವಿಗಳ ಜಾಗವನ್ನು ತಾವೇ ಮಸುಕುಗೊಳಿಸಿ ತೋರಿಸುತ್ತವೆ. ವಾಟ್ಸ್ಯಾಪ್ ಗುಂಪಿನಲ್ಲಿ ಲೊಕೇಶನ್ ಕಳಿಸುವವರಿಗೆ ಅಂಥ ಕಡಿವಾಣವಿಲ್ಲ. ಮಸಸಾಗಾ ಮತ್ತು ಪಶ್ಚಿಮದ ಗಿಲಕಿ ಹಾವು ಎರಡೂ ಕೆನಡಾದ ಕಾನೂನಿನಡಿ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿವೆ. ಅಲ್ಬರ್ಟಾದಲ್ಲಿ ಹಾವಿಗೆ ಮಾತ್ರವಲ್ಲ, ಅದರ ಚಳಿಗಾಲದ ಬಿಲಕ್ಕೂ ರಕ್ಷಣೆ ಇದೆ.

ಡೇರೆಯ ಪಕ್ಕದಲ್ಲೇ ಕಂಡರೆ, ಕಚ್ಚಿದರೆ

ಡೇರೆಯ ಬಳಿ ಹಾವು ಕಂಡರೆ ಉದ್ಯಾನದ ಸಿಬ್ಬಂದಿಗೆ ತಿಳಿಸಬೇಕು. ಅವರು ಅದನ್ನು ಹಿಡಿದು ದೂರದ ಕಾಡಿಗೆ ಬಿಡದೆ ಸ್ವಲ್ಪವೇ ಆಚೆಗೆ ಒಯ್ದು ಬಿಡುವುದನ್ನು ನೋಡಿ, ಇಷ್ಟೇನಾ ಎಂದು ಕೇಳುವವರಿದ್ದಾರೆ. ದೂರ ಒಯ್ದ ಹಾವಿಗೆ ಆ ಹೊಸ ಜಾಗದಲ್ಲಿ ಹೆಪ್ಪುಗಟ್ಟುವ ಗೆರೆಯ ಕೆಳಗಿಳಿಯುವ ದಾರಿ ಗೊತ್ತಿರುವುದಿಲ್ಲ. ಬೇಸಿಗೆಯೆಲ್ಲ ಅಲೆದು, ಚಳಿ ಬಂದಾಗ ಹೊರಗೇ ಸಾಯಬಹುದು.

ಕಚ್ಚುವುದು ಅಪರೂಪ, ಕಚ್ಚಿದರೂ ಹಲವು ವೇಳೆ ವಿಷವನ್ನೇ ಬಿಟ್ಟಿರುವುದಿಲ್ಲ. ಒಂಟಾರಿಯೊದಲ್ಲಿ ಮಸಸಾಗಾ ಕಚ್ಚಿ ಸತ್ತವರೆಂದು ದಾಖಲಾಗಿರುವುದು ಇಬ್ಬರು ಮಾತ್ರ, ಅದೂ ಅರ್ಧ ಶತಮಾನಕ್ಕೂ ಹಿಂದೆ. ಹಾಗೆಂದು ಕಾದು ನೋಡುವಂತಿಲ್ಲ. ಕಚ್ಚಿದ ಜಾಗವನ್ನು ಕೊಯ್ಯಬಾರದು, ಬಾಯಿಂದ ಹೀರಬಾರದು, ಬಿಗಿಯಾಗಿ ಹಗ್ಗ ಕಟ್ಟಬಾರದು, ಐಸ್ ಇಡಬಾರದು. ಊತ ಬರುವ ಮೊದಲೇ ಉಂಗುರ, ಬಳೆ, ಕಾಲುಂಗುರ, ಗಡಿಯಾರಗಳನ್ನು ತೆಗೆದು, ಆ ಅಂಗವನ್ನು ಅಲುಗಿಸದೆ, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿ ಆಸ್ಪತ್ರೆ ತಲುಪಬೇಕು. ಹಾವನ್ನು ಕೊಂದು ಜತೆಗೆ ಒಯ್ಯುವ ಅಗತ್ಯವಿಲ್ಲ.

ಮಕ್ಕಳನ್ನು ನೋಡಲು ಬರುವ ಹಿರಿಯರು ಕೆಲವರು ಊರಿನಿಂದ ಔಷಧ ತರಬೇಕೇ ಎಂದು ಕೇಳುವುದುಂಟು. ಭಾರತದ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷಕ್ಕೆಂದು ಕುದುರೆಯ ರಕ್ತದಿಂದ ತಯಾರಾಗುವಂಥದು. ಗಿಲಕಿ ಹಾವಿನ ವಿಷಕ್ಕೆ ಅದು ತಯಾರಾದದ್ದಲ್ಲ. ಉತ್ತರ ಅಮೆರಿಕದ ಗುಳಿಮಂಡಲಗಳಿಗೆ ಬೇರೆಯೇ ಪ್ರತಿವಿಷವಿದೆ, ಅದನ್ನು ಕೊಡುವುದು ಆಸ್ಪತ್ರೆಯಲ್ಲಿ ಮಾತ್ರ. ಆದ್ದರಿಂದ ಡೇರೆ ಹಾಕುವ ಮೊದಲು ನೋಡಿಟ್ಟುಕೊಳ್ಳಬೇಕಾದದ್ದು ಎರಡು: ಹತ್ತಿರದ ಆಸ್ಪತ್ರೆಗೆ ಹೋಗುವ ದಾರಿ, ಮತ್ತು ಆ ಬಂಡೆಗಳ ನಡುವೆ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ ಎಂಬುದು.